ನಡುವಣ ಪೆಟ್ಟಿಗೆಯ ಎಣ್ಣೆ

ಮಲೆನಾಡಿನ ಹಳೆಯ ಜೀಪಿನಲ್ಲಿ ಮುಂದಿನ ಸೀಟಿಗೆ ಜಗಳವಾಡಿ ಕುಳಿತವರಿಗೆಲ್ಲ ಗೊತ್ತು: ಗೇರ್ ಬದಲಿಸುವ ಉದ್ದನೆಯ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕಡ್ಡಿಗಳಿರುತ್ತವೆ. ಮಳೆಗಾಲದ ಕೆಸರಿನಲ್ಲಿ ಚಾಲಕ ಅವುಗಳಲ್ಲೊಂದನ್ನು ಎಳೆದೊಡನೆ, ಅಲ್ಲಿಯವರೆಗೆ ಸುಮ್ಮನೆ ಉರುಳುತ್ತಿದ್ದ ಮುಂದಿನ ಚಕ್ರಗಳೂ ನೆಲವನ್ನು ಕಚ್ಚಿ ಎಳೆಯತೊಡಗುತ್ತವೆ. ಆ ಗಿಡ್ಡ ಕಡ್ಡಿಗಳ ಕೆಳಗಿರುವ ಕಬ್ಬಿಣದ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬ ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾನೆ. "ಸಾರ್, ಎಂಜಿನ್ ಚೆನ್ನಾಗಿದೆಯಂತೆ, ಆದರೆ ಟ್ರಾನ್ಸ್‌ಫರ್ ಕೇಸ್ ನೋಡಿಕೊಂಡು ತಗೋ ಎಂದು ಎಲ್ಲರೂ ಹೆದರಿಸುತ್ತಾರೆ, ಏಕೆ?" ಎಂದು ಕೇಳಿದ್ದಾನೆ. ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ.

ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿನಿಂದ ಹೊರಬಂದ ಮೇಲೆ ಅದನ್ನು ಹಿಂದಕ್ಕೊಂದು, ಮುಂದಕ್ಕೊಂದು ಶಾಫ್ಟಿನ ಮೂಲಕ ಹಂಚುವುದು ಈ ಪೆಟ್ಟಿಗೆಯ ಕೆಲಸ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ, ಅಂದರೆ ಹೆಚ್ಚು ಸುತ್ತು ತಿರುಗಬೇಕು. ಸಾಮಾನ್ಯ ಜೀಪಿನ ಪೆಟ್ಟಿಗೆಯಾದರೋ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಸರಿನಲ್ಲಿ ಚಕ್ರಗಳು ಜಾರಿ ಈ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತವೆ. ಒಣಗಿದ ಡಾಂಬರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ. ಆಗ ಆ ಬಿಗಿತವೆಲ್ಲ ಹಲ್ಲುಚಕ್ರಗಳ ಮೇಲೆಯೇ ಬೀಳುತ್ತದೆ. ಆದುದರಿಂದಲೇ ಕೆಸರು ದಾಟಿದ ಕೂಡಲೇ ಕಡ್ಡಿಯನ್ನು ಹಿಂದಿನ ಸ್ಥಾನಕ್ಕೆ ತಳ್ಳಬೇಕು. ಮರೆತವರ ಪೆಟ್ಟಿಗೆ ಬೇಗ ಸವೆಯುತ್ತದೆ.

ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಕನಸು ಬಹಳ ಜನರದು. ಅಮೆರಿಕದಲ್ಲಿ ಅದನ್ನು ವ್ಯವಹಾರವಾಗಿಸಿದವರಲ್ಲಿ ಮೊದಲಿಗರು ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಓಟೋ ಜ್ಯಾಕೋ ಮತ್ತು ವಿಲಿಯಂ ಬೆಸರ್‌ಡಿಕ್. ಇವರು ದೊಡ್ಡ ವಿದ್ವಾಂಸರೇನಲ್ಲ, ಯಂತ್ರಗಳ ರಿಪೇರಿ ಅಂಗಡಿ ನಡೆಸುತ್ತಿದ್ದ ನೆಂಟರು. 1908ರಲ್ಲಿ ಪೇಟೆಂಟ್ ಪಡೆದರು. ಅವರ ಕಂಪನಿಯ ಟ್ರಕ್ಕುಗಳು ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಯುರೋಪಿಗೆ ಹೋದವು. ಆದರೆ ಈ ಪೆಟ್ಟಿಗೆಯನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಎರಡನೆಯ ಮಹಾಯುದ್ಧದ ಜೀಪು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದವು. ಅವುಗಳೊಳಗೆ ಇದ್ದುದು ಸ್ಪೈಸರ್ 18 ಎಂಬ ಮಾದರಿ: ಎರಕದ ಕಬ್ಬಿಣದ ಕವಚ, ಒಳಗೆ ಬರೀ ಹಲ್ಲುಚಕ್ರಗಳು, ಸುಮಾರು ಒಂದೂವರೆ ಲೀಟರ್ ದಪ್ಪ ಎಣ್ಣೆ.

ಇಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿಯೊಂದಿದೆ. ಎಣ್ಣೆ ನೋಡು, ತಿರುಪು ಬಿಗಿಮಾಡು ಎಂದು ಎಷ್ಟು ಆಜ್ಞೆ ಹೊರಡಿಸಿದರೂ ಎಳೆಯ ಸೈನಿಕರು ಕೈಪಿಡಿ ಓದುತ್ತಿರಲಿಲ್ಲ. ಆಗ ಅಮೆರಿಕದ ಸೈನ್ಯ, 1942ರಲ್ಲಿ ಸೇನೆಗೆ ಸೇರಿದ್ದ ವಿಲ್ ಐಸ್ನರ್ ಎಂಬ ಪ್ರಸಿದ್ಧ ಕಾಮಿಕ್ಸ್ ಕಲಾವಿದನಿಗೆ ಆ ಕೆಲಸ ಒಪ್ಪಿಸಿತು. 'ಆರ್ಮಿ ಮೋಟರ್ಸ್' ಎಂಬ ಸೈನ್ಯದ ಪತ್ರಿಕೆಯಲ್ಲಿ ಆತ ಜೋ ಡೋಪ್ ಎಂಬ ಪೆದ್ದ ಸೈನಿಕನನ್ನು ಸೃಷ್ಟಿಸಿದ. ವಾಹನವನ್ನು ಹೇಗೆಲ್ಲ ಹಾಳುಗೆಡವಬಹುದೋ ಹಾಗೆಲ್ಲ ಹಾಳುಗೆಡಹುವುದೇ ಇವನ ಕಾಯಕ. ನಕ್ಕವರು ಪಾಠ ಕಲಿತರು. 1951ರಿಂದ ಐಸ್ನರ್ ಇದೇ ಉದ್ದೇಶಕ್ಕಾಗಿ 'ಪಿ. ಎಸ್.' ಎಂಬ ಇನ್ನೊಂದು ಪತ್ರಿಕೆಯನ್ನು ಸೈನ್ಯಕ್ಕೆ ರೂಪಿಸಿಕೊಟ್ಟ. (ನನ್ನ ತರಗತಿಯಲ್ಲಿ ಬೆಂಚಿನ ಕೆಳಗೆ ಕಾಮಿಕ್ಸ್ ಹಿಡಿದು ಸಿಕ್ಕಿಬಿದ್ದವರು ಇದನ್ನೋದಿ ಈಗ ನನ್ನನ್ನು ಹಂಗಿಸಬಹುದು.) ಕೆಟ್ಟ ಮೇಲೆ ರಿಪೇರಿ ಮಾಡುವುದಲ್ಲ, ಕೆಡುವ ಮೊದಲೇ ನೋಡಿಕೊಳ್ಳುವುದು ಎಂಬ ಶಿಸ್ತು ಸೈನ್ಯದಲ್ಲಿ ನೆಲೆನಿಂತದ್ದು ಹೀಗೆ. ಅಲ್ಲಿ ನೋಡಿಕೊಳ್ಳಲು ಒಬ್ಬ, ಅವನನ್ನು ಕೇಳಲು ಇನ್ನೊಬ್ಬ ಇದ್ದ.

ಯುದ್ಧ ಮುಗಿದ ಮೇಲೆ ಅದೇ ಪೆಟ್ಟಿಗೆ ರೈತನ ಕೈಗೆ ಬಂತು. 1946ರಲ್ಲಿ ಡಾಡ್ಜ್ ಕಂಪನಿಯ ಪವರ್ ವ್ಯಾಗನ್, 1947ರಲ್ಲಿ ವಿಲ್ಲಿಸ್ ಕಂಪನಿಯ ಪಿಕಪ್ ಬಂದವು. ಷೆವ್ರೊಲೆ ಕಂಪನಿ 1957ರಲ್ಲಿ, ಫೋರ್ಡ್ 1959ರಲ್ಲಿ ತಮ್ಮ ಕಾರ್ಖಾನೆಗಳಲ್ಲಿಯೇ ನಾಲ್ಕು ಚಕ್ರ ಚಾಲನೆಯ ಪಿಕಪ್ ತಯಾರಿಸತೊಡಗಿದವು. ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಿದ್ದು ಮಹೀಂದ್ರ. ಮಲೆನಾಡಿನ ತೋಟಗಳಿಗೆ ಬಂದ ಆ ಗಿಡ್ಡ ಕಡ್ಡಿಗಳ ವಂಶವೃಕ್ಷ ಇಷ್ಟೇ. ಆದರೆ ಜೋ ಡೋಪನ ಪತ್ರಿಕೆ ಮಾತ್ರ ವಾಹನದ ಜೊತೆ ಬರಲಿಲ್ಲ.

ಹಳೆಯ ಕಬ್ಬಿಣದ ಪೆಟ್ಟಿಗೆಗೆ ಒಂದು ಒಳ್ಳೆಯ ಗುಣವಿತ್ತು. ಅಲಕ್ಷ್ಯ ಮಾಡಿದರೆ ಅದು ಬಾಯಿಬಿಟ್ಟು ಹೇಳುತ್ತಿತ್ತು. ಎಣ್ಣೆ ಕಡಿಮೆಯಾದಾಗ ನಡುವಣ ಹಲ್ಲುಚಕ್ರದ ಒಳಗಿನ ಸಣ್ಣ ಸಣ್ಣ ಉರುಳೆಗಳೂ ಅದರ ಶಾಫ್ಟೂ ಸವೆದು, ಪೆಟ್ಟಿಗೆ ಊಳಿಡತೊಡಗುವುದು. ಮೇಲಿನ ಗಾಳಿಕಿಂಡಿ ಕೆಸರಿನಿಂದ ಮುಚ್ಚಿಹೋದರೆ, ಬಿಸಿಯಾದ ಒಳಗಾಳಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರಕ್ಕೆ ನೂಕುವುದು. ಆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುತ್ತಿದ್ದುದು ಚಕ್ರದಲ್ಲಲ್ಲ, ಇದೇ ಪೆಟ್ಟಿಗೆಯ ಹಿಂಭಾಗದಲ್ಲಿ. ಹಿಂದಿನ ಸೀಲು ಸೋರಿದರೆ ಎಣ್ಣೆ ನೇರವಾಗಿ ಬ್ರೇಕಿನ ಮೇಲೆ! ಘಟ್ಟದ ಏರಿನಲ್ಲಿ ಜೀಪು ನಿಂತೊಡನೆ ಕ್ಲೀನರ್ ಹುಡುಗ ಕಲ್ಲು ಹಿಡಿದು ಕೆಳಗೆ ಹಾರಿ ಚಕ್ರಕ್ಕೆ ಒಡ್ಡುತ್ತಿದ್ದುದನ್ನು ನಾವು ಚುರುಕುತನವೆಂದು ಮೆಚ್ಚುತ್ತಿದ್ದೆವು. ಎಷ್ಟೋ ಸಲ ಆ ಕಲ್ಲು ಕೆಲವೇ ರೂಪಾಯಿಯ ಸೀಲೊಂದರ ಬದಲಿಗೆ ದುಡಿಯುತ್ತಿತ್ತು.

ಅಮೆರಿಕದ ಪಿಕಪ್ಪಿನ ಕಥೆ ತಿರುವು ಪಡೆದದ್ದು 1970ರ ದಶಕದಲ್ಲಿ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸಿನ ನ್ಯೂ ಪ್ರೋಸೆಸ್ ಗಿಯರ್ ಎಂಬ ಕಾರ್ಖಾನೆ ಆಗ ಅಲ್ಲಿನ ಬಹುಪಾಲು ಪಿಕಪ್ಪುಗಳಿಗೆ ಈ ಪೆಟ್ಟಿಗೆಯನ್ನು ಒದಗಿಸುತ್ತಿತ್ತು (2012ರಲ್ಲಿ ಅದು ಮುಚ್ಚಿತು). ಅದರ 205 ಎಂಬ ಮಾದರಿ ಕಬ್ಬಿಣದ್ದು, ಬರೀ ಹಲ್ಲುಚಕ್ರಗಳದ್ದು, ಬಲು ಗಟ್ಟಿ. ಚಾಲಕ ಕಡ್ಡಿ ಎಳೆಯುವ ಕಷ್ಟವೂ ಬೇಡವೆಂದು 1973ರ ವೇಳೆಗೆ 203 ಎಂಬುದು ಬಂತು. ಸದಾಕಾಲ ನಾಲ್ಕೂ ಚಕ್ರಗಳಿಗೆ ಶಕ್ತಿ, ಒಳಗೆ ಹಲ್ಲುಚಕ್ರದ ಬದಲು ಸರಪಳಿ. ಅದೇ ವರ್ಷ ಅಕ್ಟೋಬರಿನಲ್ಲಿ ತೈಲದ ಬಿಕ್ಕಟ್ಟು ತಲೆದೋರಿ ಪೆಟ್ರೋಲಿನ ಬೆಲೆ ಏರಿತು. ಸದಾ ತಿರುಗುವ ಪೆಟ್ಟಿಗೆ ಸದಾ ಇಂಧನ ಕುಡಿಯುತ್ತದೆ, ಸದಾ ಸವೆಯುತ್ತದೆ. ಸರಪಳಿ ಜೋಲುಬಿದ್ದು ಹಲ್ಲು ಜಿಗಿಯುವ ಕಟಕಟ ಶಬ್ದ ಅನೇಕರಿಗೆ ಪರಿಚಿತವಾಯಿತು. 1975ರಲ್ಲಿ ಇಂಧನ ಉಳಿತಾಯದ ಕಾಯ್ದೆ ಬಂದ ಮೇಲೆ ವಾಹನದ ತೂಕವನ್ನು ಕಡಿಮೆ ಮಾಡುವುದೇ ಎಲ್ಲರ ಗುರಿ. 1980ರ ಸುಮಾರಿಗೆ ಬಂದ 208ರಲ್ಲಿ ಕಬ್ಬಿಣ ಹೋಗಿ ಅಲ್ಯೂಮಿನಿಯಂ ಬಂತು, ದಪ್ಪ ಎಣ್ಣೆ ಹೋಗಿ ತೆಳ್ಳನೆಯ ಎಣ್ಣೆ ಬಂತು, ಆ ಎಣ್ಣೆಯನ್ನು ಮೇಲೆತ್ತಲು ಪುಟ್ಟ ಪಂಪೊಂದು ಒಳಸೇರಿತು. ಇದನ್ನು ಕೆಟ್ಟ ಯಂತ್ರವೆನ್ನಲಾರೆ. ಎಣ್ಣೆ ಇದ್ದಷ್ಟು ಕಾಲ ಲಕ್ಷಗಟ್ಟಲೆ ಮೈಲಿ ಓಡಿದವೂ ಉಂಟು. ಆದರೆ ಹಳೆಯದರಂತೆ ವರ್ಷಗಟ್ಟಲೆ ಗೊಣಗುತ್ತ ಬದುಕುವ ತಾಳ್ಮೆ ಇದಕ್ಕಿರಲಿಲ್ಲ.

ಇದರ ಪರಾಕಾಷ್ಠೆಯನ್ನು 1990ರ ದಶಕದ ಕೊನೆಯಿಂದ 2007ರ ವರೆಗಿನ ಜನರಲ್ ಮೋಟರ್ಸ್ ಪಿಕಪ್ಪುಗಳ ಹಲವು ಮಾದರಿಗಳಲ್ಲಿ ಕಾಣಬಹುದು. ಅಲ್ಲಿ ಕವಚ ಇನ್ನೂ ಹಗುರವಾದ ಮೆಗ್ನೀಸಿಯಂ ಮಿಶ್ರಲೋಹದ್ದು. ಒಳಗಿನ ಎಣ್ಣೆಯ ಪಂಪು ಅಲುಗಾಡುತ್ತ ಆ ಮೃದು ಲೋಹವನ್ನು ಉಜ್ಜಿ ಉಜ್ಜಿ ಕೊನೆಗೆ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ತೂತು ಬೀಳುವುದು ಪೆಟ್ಟಿಗೆಯ ಮೇಲುಭಾಗದಲ್ಲಿ. ಆದ್ದರಿಂದ ನಿಂತ ವಾಹನದಿಂದ ಒಂದು ತೊಟ್ಟೂ ಕೆಳಗೆ ಬೀಳುವುದಿಲ್ಲ. ಓಡುವಾಗ ಮಾತ್ರ ಎಣ್ಣೆ ಚಿಮ್ಮಿ ಗಾಳಿಪಾಲಾಗುತ್ತದೆ. ಮನೆಯ ಮುಂದಿನ ನೆಲ ಶುಭ್ರವಾಗಿರುವುದನ್ನು ಕಂಡು ಯಜಮಾನ ನಿಶ್ಚಿಂತನಾಗಿರುತ್ತಾನೆ. ಇರುವುದೇ ಸುಮಾರು ಎರಡು ಲೀಟರ್. ಅದು ಮುಗಿದ ದಿನ ಸರಪಳಿ, ಬೇರಿಂಗ್ ಎಲ್ಲ ಕಾದು, ಹೆದ್ದಾರಿಯ ವೇಗದಲ್ಲಿ ಪೆಟ್ಟಿಗೆ ಬಿಗಿದುಕೊಂಡರೆ ಹಿಂದಿನ ಚಕ್ರಗಳೇ ಕಟ್ಟಿಹೋಗಬಹುದು. ಈ ದೋಷ ಪಂಪಿನ ರಚನೆಯದೇ ಹೊರತು ಯಜಮಾನನ ಸೋಮಾರಿತನದ್ದಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ವರ್ಷಕ್ಕೆರಡು ಬಾರಿ ಎಣ್ಣೆಯ ಮಟ್ಟ ನೋಡಿದವನಿಗೆ ಅದು ಬೇಗ ತಿಳಿಯುತ್ತದೆ, ನೋಡದವನಿಗೆ ರಸ್ತೆಯ ಮಧ್ಯದಲ್ಲಿ ತಿಳಿಯುತ್ತದೆ. ಮೂರನೆಯ ನಾಲ್ಕನೆಯ ಯಜಮಾನನ ಕೈಗೆ ಬರುವಷ್ಟರಲ್ಲಿ ಕೈಪಿಡಿಯೂ ಕಳೆದಿರುತ್ತದೆ, ಎಂಜಿನ್ನಿನ ಎಣ್ಣೆಯ ಹೊರತು ಬೇರೆ ಎಣ್ಣೆ ಉಂಟೆಂಬ ನೆನಪೂ ಕಳೆದಿರುತ್ತದೆ.

ಆದುದರಿಂದ, ಮಗೂ, ನೀನು ಆ ಟ್ರಕ್ಕನ್ನು ನೋಡಲು ಹೋದಾಗ ನೆಲದ ಕಲೆಯನ್ನಷ್ಟೇ ನೋಡಬೇಡ. ಕೆಳಗೆ ತೂರಿ, ಟಾರ್ಚ್ ಹಿಡಿದು, ಪೆಟ್ಟಿಗೆಯ ಹಿಂಭಾಗದ ಮೇಲ್ಮೈ ಎಣ್ಣೆಯ ಧೂಳಿನಿಂದ ಕಪ್ಪಾಗಿದೆಯೇ ನೋಡು. ಎಣ್ಣೆ ಬದಲಿಸುವುದಾದರೆ ಮೊದಲು ಮೇಲಿನ, ಎಣ್ಣೆ ತುಂಬುವ ತಿರುಪನ್ನು ಸಡಿಲಿಸು, ಕೆಳಗಿನದನ್ನು ಆಮೇಲೆ. ತುಕ್ಕು ಹಿಡಿದು ಮೇಲಿನದು ಬಿಚ್ಚದಿದ್ದರೆ ಖಾಲಿ ಪೆಟ್ಟಿಗೆಯೊಡನೆ ಅಂಗಳದಲ್ಲಿ ಕೂರಬೇಕಾದೀತು. ಇಳಿದ ಎಣ್ಣೆಯನ್ನು ಬಿಳಿಯ ಬೋಗುಣಿಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸು. ಅದರಲ್ಲಿ ಬೆಳ್ಳಿಯ ಪುಡಿಯಂತೆ ಏನಾದರೂ ಮಿನುಗಿದರೆ ಬೆಲೆಯ ಮಾತನ್ನು ಹೊಸದಾಗಿ ಆರಂಭಿಸು, ಇಲ್ಲವೇ ಕೈಮುಗಿದು ಬಾ.