ಮೂರನೇ ಓನರ್‌ನ ಇತಿಹಾಸ

ಕಾರುಗಳ ಇತಿಹಾಸ ಬರೆಯೋರು ಯಾವಾಗ್ಲೂ ಮೊದಲ ಓನರ್‌ನಿಂದಲೇ ಶುರು ಮಾಡ್ತಾರೆ. ಮಾರುತಿ 800ರ ಕಥೆಯೂ ಹಾಗೆಯೇ. ದೆಹಲಿಯ ಹರ್ಪಾಲ್ ಸಿಂಗ್, ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿ. ಲಾಟರಿಯಲ್ಲಿ ಅವರ ಹೆಸರು ಬಂತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರೇ ಅವರ ಕೈಗೆ ಕೀ ಕೊಟ್ಟರು. ಆ ದಿನ ಸಂಜಯ್ ಗಾಂಧಿ ಹುಟ್ಟಿದ ದಿನವೂ ಹೌದು. ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಡಲಿಲ್ಲ. ಈಗ ಕಂಪನಿಯೇ ಅದನ್ನು ರಿಪೇರಿ ಮಾಡಿಸಿ, ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದೆ.

ಚೆಂದದ ಕಥೆ. ಆದರೆ ನನ್ನ ಬಳಿ ಇರೋ 800ರ ಆರ್‌ಸಿಯಲ್ಲಿ ಓನರ್ ಸಂಖ್ಯೆ 3 ಅಂತ ಇದೆ. ಈ ದೇಶದಲ್ಲಿ ಸಣ್ಣ ಕಾರು ನಿಜವಾಗಿ ಜನರ ಕೈಗೆ ಸಿಕ್ಕಿದ್ದು ಮೊದಲ ಓನರ್‌ಗಳ ಕಾಲದಲ್ಲಿ ಅಲ್ಲ, ನಮ್ಮಂಥ ಎರಡನೇ, ಮೂರನೇ ಓನರ್‌ಗಳ ಕಾಲದಲ್ಲಿ ಅಂತ ನನಗೆ ಅನ್ನಿಸುತ್ತೆ. ಹಾಗಾಗಿ ಇತಿಹಾಸವನ್ನು ಸ್ವಲ್ಪ ಹಿಂದಿನ ಸೀಟಿನಿಂದ ನೋಡೋಣ.

ಎಂಬತ್ತರ ದಶಕಕ್ಕೆ ಮುಂಚೆ ಕಾರು ಅಂದ್ರೆ ಅಂಬಾಸಿಡರ್, ಇಲ್ಲಾಂದ್ರೆ ಫಿಯೆಟ್. ದುಡ್ಡು ಇದ್ದರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸಂಜಯ್ ಗಾಂಧಿ 1971ರಲ್ಲಿ ‘ಜನರ ಕಾರು’ ಮಾಡ್ತೀನಿ ಅಂತ ಕಂಪನಿ ಶುರು ಮಾಡಿದರು. ಜಾಗ ಸಿಕ್ಕಿತು, ಲೈಸೆನ್ಸ್ ಸಿಕ್ಕಿತು, ಕಾರು ಮಾತ್ರ ಮಾರುಕಟ್ಟೆಗೆ ಬರಲಿಲ್ಲ. 1980ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಸರ್ಕಾರ ಆ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಹುಟ್ಟಿತು. ಬಿಎಚ್‌ಇಎಲ್ ನಡೆಸಿ ಅನುಭವ ಇದ್ದ ವಿ. ಕೃಷ್ಣಮೂರ್ತಿ ಅದರ ಚುಕ್ಕಾಣಿ ಹಿಡಿದರು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯ್ತು. ಸುಜುಕಿ ಪಾಲು ಆಗ ಬರೀ ಶೇಕಡಾ 26.

ನಮಗೆ ಬಂದ ಕಾರಿನ ಹುಟ್ಟೂ ಸ್ವಾರಸ್ಯವಾಗಿದೆ. ಜಪಾನಿನಲ್ಲಿ ‘ಕೇಯ್’ ಅನ್ನೋ ಒಂದು ಪುಟ್ಟ ಕಾರುಗಳ ವರ್ಗ ಇದೆ. ಉದ್ದ, ಅಗಲ, ಎಂಜಿನ್ ಎಲ್ಲಕ್ಕೂ ಕಾನೂನಿನ ಮಿತಿ. ಆ ಮಿತಿಯೊಳಗಿದ್ರೆ ತೆರಿಗೆ ಕಡಿಮೆ. ಆಗಿನ ಎಂಜಿನ್ ಮಿತಿ 550 ಸಿಸಿ. ಸುಜುಕಿಯ ಆಲ್ಟೊ ಆ ಅಳತೆಗೆ ಹೊಲಿದ ಕಾರು. ಅದಕ್ಕೇ ಹೊರದೇಶಗಳಿಗಾಗಿ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಇಟ್ಟರು. ಅದೇ ನಮ್ಮ 800. ಅಂದ್ರೆ ಮಲ್ಲೇಶ್ವರದ ಕ್ರಾಸ್‌ಗಳಲ್ಲಿ, ಬಸವನಗುಡಿಯ ಗಲ್ಲಿಗಳಲ್ಲಿ ಎದುರಿಗೆ ದೊಡ್ಡ ಎಸ್‌ಯುವಿ ಬಂದಾಗ ನಾನು ಆರಾಮಾಗಿ ಪಕ್ಕಕ್ಕೆ ಸರಿದುಕೊಳ್ಳೋದಕ್ಕೆ ಕಾರಣ, ಎಲ್ಲೋ ಇರೋ ಜಪಾನಿನ ತೆರಿಗೆ ಕಾನೂನು!

ಮೊದಲು ಬಂದಾಗ ಬೆಲೆ 50 ಸಾವಿರದ ಆಸುಪಾಸು. ಈಗ ಕೇಳಿದ್ರೆ ನಗು ಬರಬಹುದು. ಆದರೆ ಆಗ ಸ್ಕೂಟರ್‌ಗೂ ಬುಕ್ ಮಾಡಿ ಕಾಯ್ತಿದ್ದ ದೇಶ ಇದು. ‘ಜನರ ಕಾರು’ ಅನ್ನೋ ಮಾತಿನಲ್ಲಿದ್ದ ಜನ ಅಂದ್ರೆ ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಕಂಪನಿ ಆಫೀಸರು. ಸ್ಕೂಲ್ ಮೇಷ್ಟ್ರು ಬಸ್ಸಿನಲ್ಲೇ ಇದ್ದರು.

ಮೇಷ್ಟ್ರ ಸರದಿ ಬಂದಿದ್ದು ತೊಂಬತ್ತರ ದಶಕದ ನಂತರ. 1993ರಲ್ಲಿ ಜೆನ್ ಬಂತು, 1998ರಲ್ಲಿ ಸ್ಯಾಂಟ್ರೊ ಬಂತು. ಬ್ಯಾಂಕುಗಳು ಕಾರ್ ಲೋನ್ ಕೊಡೋಕೆ ಮುಂದಾದವು. ಹೊಸದು ಕೊಂಡ ಡಾಕ್ಟರು ತಮ್ಮ ಹಳೇ 800 ಮಾರಿದರು. ಅದು ಮೇಷ್ಟ್ರ ಮನೆಗೆ, ದಿನಸಿ ಅಂಗಡಿಯವರ ಮನೆಗೆ, ಡ್ರೈವಿಂಗ್ ಸ್ಕೂಲ್‌ಗಳಿಗೆ ಹೋಯ್ತು. ನಿಮ್ಮಲ್ಲಿ ಎಷ್ಟು ಜನ ಎಲ್ ಬೋರ್ಡ್ ಹಾಕಿದ 800ರಲ್ಲೇ ಮೊದಲ ಸಲ ಕ್ಲಚ್ ಬಿಟ್ಟು ಗಾಡಿ ಆಫ್ ಮಾಡಿದ್ದೀರಿ, ಕೈ ಎತ್ತಿ ನೋಡೋಣ.

ಹಳೇ ಕಾರು ಕೈ ಬದಲಾಯಿಸಬೇಕಾದ್ರೆ ಅದನ್ನು ಕಡಿಮೆ ಖರ್ಚಿನಲ್ಲಿ ರಿಪೇರಿ ಮಾಡೋಕೆ ಆಗಬೇಕು. ಇಲ್ಲಾಂದ್ರೆ ಎರಡನೇ ಓನರ್ ಹತ್ತಿರವೇ ಕಥೆ ಮುಗಿಯುತ್ತೆ. 800 ಗೆದ್ದಿದ್ದು ಇಲ್ಲೇ. ಶುರುವಿನಲ್ಲಿ ಬಹುತೇಕ ಬಿಡಿಭಾಗಗಳು ಜಪಾನಿನಿಂದಲೇ ಬರ್ತಿದ್ದವು. ಅವನ್ನು ಇಲ್ಲೇ ಮಾಡಿಸಬೇಕು ಅನ್ನೋ ಸರ್ಕಾರದ ಷರತ್ತಿನಿಂದ ದೇಶದ ತುಂಬ ಬಿಡಿಭಾಗ ತಯಾರಕರು ಬೆಳೆದರು. ಜೊತೆಗೆ ಅದೇ 796 ಸಿಸಿ ಕುಟುಂಬದ ಎಂಜಿನ್ ಓಮ್ನಿಗೂ ಬಂತು, ಮುಂದೆ ಆಲ್ಟೊಗೂ ಬಂತು. ಹಾಗಾಗಿ 2014ರ ಜನವರಿಯಲ್ಲಿ 800ರ ತಯಾರಿಕೆ ನಿಂತರೂ, ಇವತ್ತಿಗೂ ಜೆ.ಸಿ. ರೋಡಿನಲ್ಲಿ ಅದರ ಕ್ಲಚ್ ಪ್ಲೇಟ್ ಕೇಳಿದ್ರೆ ಅಂಗಡಿಯವರು ‘ಯಾವ ಮಾಡೆಲ್ ಸಾರ್?’ ಅಂತಾರೆ ಹೊರತು ‘ಸಿಗಲ್ಲ’ ಅನ್ನಲ್ಲ.

ನನ್ನದು 2004ರ ಗಾಡಿ. ಬಿಳಿ ಬಣ್ಣ, ನಾಲ್ಕು ಗೇರು, ಎಸಿ ಇಲ್ಲ. ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರಿಂದ 2016ರಲ್ಲಿ ಕೊಂಡಿದ್ದು. ಗಾಡಿ ಜೊತೆ ಒಂದು ಫೈಲೂ ಕೊಟ್ಟರು. ಆಯಿಲ್ ಬದಲಾಯಿಸಿದ ತಾರೀಖಿನಿಂದ ಹಿಡಿದು ವೈಪರ್ ರಬ್ಬರಿನವರೆಗೆ ಎಲ್ಲದರ ಬಿಲ್ಲು ಅದರಲ್ಲಿ. ನಾನೂ ಅದೇ ಫೈಲಿಗೆ ಸೇರಿಸುತ್ತಾ ಬಂದಿದ್ದೀನಿ. ಟೈಮಿಂಗ್ ಬೆಲ್ಟ್, ಬ್ಯಾಟರಿ, ಸೈಲೆನ್ಸರ್, ತುಕ್ಕು ಹಿಡಿದ ಫ್ಲೋರ್‌ಗೆ ವೆಲ್ಡಿಂಗ್. ಸಣ್ಣ ಎಂಜಿನ್ ಆದ್ದರಿಂದ ಥರ್ಡ್ ಪಾರ್ಟಿ ವಿಮೆ, 2022ರಲ್ಲಿ ನಿಗದಿಯಾದ ದರದಂತೆ, ವರ್ಷಕ್ಕೆ 2,094 ರೂಪಾಯಿ, ಜಿಎಸ್‌ಟಿ ಬೇರೆ. ನನ್ನ ಟೀಮಿನ ಹುಡುಗರು ಒಂದು ತಿಂಗಳಿಗೆ ಕಟ್ಟೋ ಇಎಂಐನಲ್ಲಿ ನನ್ನ ಕಾರಿನ ಇಡೀ ವರ್ಷದ ಖರ್ಚು ಮುಗಿಯುತ್ತೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಇದು ಹಳೇ ಕಾರಿನ ಭಜನೆ ಆಗಿಬಿಡುತ್ತೆ. ಇನ್ನೊಂದು ಪಕ್ಕವೂ ಇದೆ.

ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಹೊಗೆಯ ವಿಷಯಕ್ಕೆ ಬಂದ್ರೆ ಇದು ಬಿಎಸ್ 2 ಗಾಡಿ. ಈಗ ಶೋರೂಮಿನಲ್ಲಿರೋದು ಬಿಎಸ್ 6. ಹೊಗೆ ತಪಾಸಣೆ ಪಾಸಾದರೂ ಅವೆರಡೂ ಸಮ ಅಂತ ಹೇಳೋಕಾಗಲ್ಲ. 2010ರ ಏಪ್ರಿಲ್‌ನಲ್ಲಿ ಬಿಎಸ್ 4 ಬಂದಾಗ 800ರ ಎಂಜಿನನ್ನು ಅದಕ್ಕೆ ತಕ್ಕಂತೆ ಬದಲಾಯಿಸದೆ, ಕಂಪನಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು.

15 ವರ್ಷ ಆದಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2019ರಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯ್ತು. 2025ರಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. ಹಳೇ ಗಾಡಿ ರಸ್ತೆಯಿಂದ ಹೋಗಲಿ ಅನ್ನೋದು ಉದ್ದೇಶ, ಅದು ಅರ್ಥವಾಗುತ್ತೆ. ಆದರೆ ವಿಂಟೇಜ್ ಕಾರು ಪೂಜೆ ಮಾಡೋ ಶ್ರೀಮಂತನಿಗೆ 10,000 ಒಂದು ಲೆಕ್ಕವೇ ಅಲ್ಲ. 40 ಸಾವಿರ ಬೆಲೆಬಾಳೋ ಕಾರಿನವನಿಗೆ ಅದು ಕಾರಿನ ಕಾಲು ಭಾಗ.

ಮಗಳು ಹುಟ್ಟಿದ ಮೇಲೆ ನನ್ನ ಹೆಂಡತಿ ಒಂದು ನಿಯಮ ಮಾಡಿದಳು: ಹೈವೇಗೆ 800 ಬೇಡ. ನಾನೂ ಒಪ್ಪಿದೆ. ಊರಿಗೆ ಹೋಗೋದು ರೈಲಿನಲ್ಲಿ. ಈ ವರ್ಷ ಮಗಳಿಗೋಸ್ಕರ ಆರು ಏರ್‌ಬ್ಯಾಗಿನ ಹೊಸ ಕಾರು ಬುಕ್ ಮಾಡಿದ್ವಿ. ಹಾಗಾದ್ರೆ 800 ಏನು ಮಾಡೋದು? ಫ್ರೆಂಡ್ಸ್ ಎಲ್ಲ ‘ಸ್ಕ್ರ್ಯಾಪ್‌ಗೆ ಹಾಕು, ಸರ್ಟಿಫಿಕೇಟ್ ತಗೋ’ ಅಂದರು.

ಅಷ್ಟರಲ್ಲಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಕೇಳಿದರು. ‘ಸಾರ್, ಮಾರೋದಾದ್ರೆ ಬೇರೆಯವ್ರಿಗೆ ಹೇಳ್ಬೇಡಿ, ನಂಗೇ ಕೊಡಿ. ಮಳೆ ಬಂದ್ರೆ ಬಟ್ಟೆ ಗಂಟು ಒದ್ದೆ ಆಗುತ್ತೆ. ನಮ್ಮಮ್ಮನ್ನ ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಕರ್ಕೊಂಡ್ ಹೋಗ್ಬೇಕು.’

‘ಅದ್ರಲ್ಲಿ ಏರ್‌ಬ್ಯಾಗ್ ಇಲ್ಲ ಕಣ್ರೀ,’ ಅಂದೆ.

‘ಟಿವಿಎಸ್‌ನಲ್ಲಿ ಇದ್ಯಾ ಸಾರ್?’ ಅಂದರು.

ಮಳೆಯಲ್ಲಿ ಸ್ಕೂಟರ್ ಮೇಲೆ ಹೋಗ್ತಿದ್ದ ಒಂದು ಕುಟುಂಬ ನೋಡಿ ನ್ಯಾನೊ ಮಾಡಬೇಕು ಅನ್ನಿಸಿತು ಅಂತ ರತನ್ ಟಾಟಾ ಹೇಳ್ತಿದ್ದರು. ಆ ಕಾರು ಬಂತು, ಹೋಯ್ತು. ಆ ಕುಟುಂಬ ಮಾತ್ರ ಇನ್ನೂ ಸ್ಕೂಟರ್ ಮೇಲೇ ಇದೆ. ಸುರಕ್ಷತೆ ಅಂದ್ರೆ ಯಾವುದಕ್ಕೆ ಹೋಲಿಸಿ ಅನ್ನೋದು ಮುಖ್ಯ. ನನ್ನ ಹೊಸ ಕಾರಿಗೆ ಹೋಲಿಸಿದ್ರೆ 800 ಒಂದು ತಗಡಿನ ಡಬ್ಬ. ಅವರ ತಾಯಿ ಕೂತು ಹೋಗೋ ಟಿವಿಎಸ್‌ಗೆ ಹೋಲಿಸಿದ್ರೆ ಮೇಲೊಂದು ಚಾವಣಿ, ನಾಲ್ಕು ಬಾಗಿಲು, ಒಂದು ಸೀಟ್ ಬೆಲ್ಟು.

ಲೆಕ್ಕ ಬಿಡಿಸಿ ಹೇಳಿದೆ. 2029ಕ್ಕೆ ಎಫ್‌ಸಿ, ಆಗ 10,000 ಮೇಲೆ ಗ್ರೀನ್ ಟ್ಯಾಕ್ಸ್, ಅಷ್ಟು ಈಗಲೇ ಬೆಲೆಯಲ್ಲಿ ಕಳೆದುಬಿಡೋಣ. ಹೈವೇಗೆ ಹೋಗಬೇಡಿ, ಹಿಂದಿನ ಬ್ರೇಕ್ ಡ್ರಮ್ ನೋಡಿಸಿಕೊಳ್ಳಿ. ಅವರು ತಲೆ ಆಡಿಸಿದರು. ಟ್ರಾನ್ಸ್‌ಫರ್ ಅರ್ಜಿ ಹಾಕಿದ್ದೀವಿ. ಮೇಷ್ಟ್ರ ಫೈಲು ಅವರ ಅಂಗಡಿಯ ಕಪಾಟಿನಲ್ಲಿದೆ. ಹೊಸ ಆರ್‌ಸಿ ಬಂದಾಗ ಅದರಲ್ಲಿ 4 ಅಂತ ಇರುತ್ತೆ.