ಉಪವೃತ್ತಿ ಕೃಷಿ (ರಾಯಚೂರು ಜಿಲ್ಲೆ)

ಉಪವೃತ್ತಿ ಕೃಷಿ ಎಂದರೆ ನೌಕರಿ, ವ್ಯಾಪಾರ ಮುಂತಾದ ಮುಖ್ಯ ಆದಾಯಮೂಲವನ್ನು ಉಳಿಸಿಕೊಂಡು, ಲಾಭದ ಉದ್ದೇಶದಿಂದ ಸಣ್ಣ ಹಿಡುವಳಿಯಲ್ಲಿ ನಡೆಸುವ ಬೇಸಾಯ. ಭಾರತದ ಕೃಷಿ ಗಣತಿಯು 1 ಹೆಕ್ಟೇರಿಗಿಂತ ಕಡಿಮೆ ಇರುವುದನ್ನು ಅತಿಸಣ್ಣ, 1ರಿಂದ 2 ಹೆಕ್ಟೇರ್ ಇರುವುದನ್ನು ಸಣ್ಣ ಹಿಡುವಳಿ ಎಂದು ವರ್ಗೀಕರಿಸುತ್ತದೆ. ರಾಯಚೂರು ಜಿಲ್ಲೆಯ ಅರಕೇರಾ, ದೇವದುರ್ಗ ಹಾಗೂ ಮಾನ್ವಿ ಭಾಗಗಳಲ್ಲಿ ಇಂತಹ ಬೇಸಾಯದ ಲಾಭವು ವಿಸ್ತೀರ್ಣಕ್ಕಿಂತ ಹೆಚ್ಚಾಗಿ ನೀರು, ಕೂಲಿ ಮತ್ತು ಮೇಲ್ವಿಚಾರಣೆಯನ್ನು ಅವಲಂಬಿಸಿದೆ.

ಜಮೀನು ಮತ್ತು ನೀರು

ಈ ಪ್ರದೇಶವು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಒಣಹವೆಯ ನಾಡು. ದೇವದುರ್ಗ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ, ಮಾನ್ವಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ ನೀರು ದೊರೆಯುತ್ತದೆ. ಕಾಲುವೆಯ ಕೊನೆಭಾಗದ ಜಮೀನುಗಳಿಗೆ ನೀರು ತಲುಪುವುದು ಅನಿಶ್ಚಿತ. ಮಳೆಯಾಶ್ರಿತ ಜಮೀನುಗಳಲ್ಲಿ ಕೃಷಿ ಹೊಂಡ ನಿರ್ಮಿಸಲು ರಾಜ್ಯ ಸರ್ಕಾರವು 2014-15ರಲ್ಲಿ ಕೃಷಿ ಭಾಗ್ಯ ಯೋಜನೆಯನ್ನು ಆರಂಭಿಸಿತು.

ಬೆಳೆಗಳ ಆಯ್ಕೆ

ಹತ್ತಿಯನ್ನು ಹಲವು ಬಾರಿ ಬಿಡಿಸಬೇಕಾದುದರಿಂದ ಕೂಲಿಯ ವೆಚ್ಚ ಹೆಚ್ಚು. ಮಾಲೀಕನ ನಿರಂತರ ಉಪಸ್ಥಿತಿಯೂ ಅಗತ್ಯ. ಮುಂಗಾರಿನಲ್ಲಿ ಬಿತ್ತುವ ತೊಗರಿ, ಎರೆಭೂಮಿಯ ತೇವದಲ್ಲೇ ಹಿಂಗಾರಿನಲ್ಲಿ ಬೆಳೆಯುವ ಕಡಲೆ ಮತ್ತು ಬಿಳಿಜೋಳಗಳು ಒಮ್ಮೆಲೇ ಕಟಾವಿಗೆ ಬರುವುದರಿಂದ ಬೇರೆ ಉದ್ಯೋಗವಿರುವವರಿಗೆ ಹೆಚ್ಚು ಅನುಕೂಲಕರ. ನುಗ್ಗೆ, ನಿಂಬೆ, ಕರಿಬೇವು ಮುಂತಾದ ತೋಟದ ಬೆಳೆಗಳಿಗೆ ಬೇಸಿಗೆಯಲ್ಲೂ ನೀರಿನ ಭರವಸೆ ಇರಬೇಕು.

ಕಾನೂನು

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು, ನಿಗದಿತ ಮಿತಿಗಿಂತ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಹಾಗೂ ಕೃಷಿಕರಲ್ಲದವರು ಕೃಷಿ ಜಮೀನು ಪಡೆಯುವುದನ್ನು ನಿರ್ಬಂಧಿಸಿದ್ದವು. 2020ರ ತಿದ್ದುಪಡಿಯು ಇವನ್ನು ರದ್ದುಪಡಿಸಿತು. ಆದರೆ ಸೈನಿಕರು, ನಾವಿಕರಂತಹ ಕೆಲವರನ್ನು ಹೊರತುಪಡಿಸಿ, ಜಮೀನನ್ನು ಗೇಣಿಗೆ ಕೊಡುವುದರ ಮೇಲೆ 1974ರಿಂದ ನಿಷೇಧವಿದೆ. ಆದ್ದರಿಂದ ನಗರವಾಸಿ ಮಾಲೀಕರು ಬಾಯಿಮಾತಿನಲ್ಲಿ ಜಮೀನನ್ನು ಲೀಸಿಗೆ ಕೊಟ್ಟರೆ ಆ ಒಪ್ಪಂದಕ್ಕೆ ಕಾನೂನಿನ ರಕ್ಷಣೆ ಇರುವುದಿಲ್ಲ; ಪಹಣಿಯಲ್ಲಿ ಹೆಸರಿಲ್ಲದ ಸಾಗುವಳಿದಾರನಿಗೆ ಬೆಳೆಸಾಲ ಹಾಗೂ ಬೆಳೆಹಾನಿ ಪರಿಹಾರ ದೊರೆಯುವುದೂ ಕಷ್ಟ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಅಂತಹ ಖರೀದಿ ಅಸಿಂಧುವಾಗುತ್ತದೆ. ಹೀಗಾಗಿ ಖರೀದಿಗೆ ಮುನ್ನ ಪಹಣಿಯೊಂದಿಗೆ ಮೂಲ ಮಂಜೂರಾತಿ ದಾಖಲೆಯನ್ನೂ ಪರಿಶೀಲಿಸುವುದು ಅವಶ್ಯಕ.

ತೆರಿಗೆ

ಕೃಷಿ ಆದಾಯಕ್ಕೆ ಕೇಂದ್ರ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಆದರೂ ಇತರ ಆದಾಯವುಳ್ಳವರ ತೆರಿಗೆ ದರವನ್ನು ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಹೈನುಗಾರಿಕೆ ಮತ್ತು ಕೋಳಿ ಸಾಕಣೆಯ ಗಳಿಕೆಯು ಈ ಉದ್ದೇಶಕ್ಕೆ ಕೃಷಿ ಆದಾಯವಾಗುವುದಿಲ್ಲ.