ಹಂದರ, ಬದು, ಕಾಲುವೆ: ಜೀವಕೋಶಗಳಿಗೆ ನೆಲೆ ಕಲ್ಪಿಸಿದ ವಿಜ್ಞಾನದ ಚರಿತ್ರೆ

೧. ಪೀಠಿಕೆ

ಅಂಗಾಂಶ ಎಂಜಿನಿಯರಿಂಗ್ ಎಂಬ ವಿಜ್ಞಾನಶಾಖೆಯ ಚರಿತ್ರೆಯನ್ನು ಸಾಮಾನ್ಯವಾಗಿ ತಯಾರಿಕೆಯ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ಪ್ರಯೋಗಾಲಯದಲ್ಲಿ ಚರ್ಮ ತಯಾರಾಯಿತು, ಕಿವಿ ತಯಾರಾಯಿತು, ಮೂತ್ರಾಶಯ ತಯಾರಾಯಿತು ಎಂಬ ಕ್ರಮದಲ್ಲಿ ಈ ಕಥನ ಸಾಗುತ್ತದೆ. ಆದರೆ ಈ ಕ್ಷೇತ್ರದ ಮುಖ್ಯ ಪ್ರಯೋಗಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬೆಳೆಯುವುದು ಜೀವಕೋಶದ ಸ್ವಭಾವ; ಅದನ್ನು ಯಾರೂ ಕಲಿಸಿಕೊಟ್ಟದ್ದಲ್ಲ. ಅದು ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ಬೆಳೆದುದು ಹೇಗೆ ಬದುಕಿ ಉಳಿಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದೇ ವಿಜ್ಞಾನಿಗಳು ಮಾಡಿದ ಕೆಲಸ.

ನಮ್ಮ ಕೃಷಿಯ ನುಡಿಯಲ್ಲಿ ಈ ಮೂರಕ್ಕೂ ಸಿದ್ಧವಾದ ಪದಗಳಿವೆ. ಬಳ್ಳಿಗೆ ಆಸರೆಯನ್ನೂ ದಿಕ್ಕನ್ನೂ ಕೊಡುವುದು ಹಂದರ. ಹೊಲದ ಎಲ್ಲೆಯನ್ನು ಹಾಕುವುದು ಬದು. ಬೇರಿಗೆ ನೀರು ಮುಟ್ಟಿಸುವುದು ಕಾಲುವೆ. ಈ ಪದಗಳನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಇವು ಅಂಗಾಂಶ ವಿಜ್ಞಾನದ ಮೂರು ಬೇರೆ ಬೇರೆ ಆವಿಷ್ಕಾರಧಾರೆಗಳನ್ನು ಸೂಚಿಸುತ್ತವೆ. ಮೊದಲ ಎರಡನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಬಲು ಸೂಕ್ಷ್ಮವಾಗಿ ಸಾಧಿಸಿದವು. ಮೂರನೆಯದನ್ನು ಕಡೆಗಣಿಸಿದಾಗ ಮನುಷ್ಯರ ಪ್ರಾಣಕ್ಕೇ ಹಾನಿಯಾಯಿತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಲಕ್ರಮದ ದೃಷ್ಟಿಯಿಂದ ಕಾಲುವೆಯ ಅರಿವೇ ಮೊದಲನೆಯದು. ಅದರ ದಾಖಲೆ ಮೈಸೂರಿನ ಚರಿತ್ರೆಯೊಂದಿಗೂ ಹೆಣೆದುಕೊಂಡಿದೆ.

೨. ಕಡಿಯದೆ ಉಳಿಸಿದ ಪಟ್ಟಿ

ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ ೧೭೯೪ರ ಅಕ್ಟೋಬರ್ ಸಂಚಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಅದರ ಪ್ರಕಾರ, ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ ಕವಾಸ್‌ಜಿ ಎಂಬ ಮರಾಠನು ೧೭೯೨ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡನು. ಸುಮಾರು ಹನ್ನೆರಡು ತಿಂಗಳ ತರುವಾಯ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನಿಗೆ ಹೊಸ ಮೂಗನ್ನು ಜೋಡಿಸಿದನು.

ಪತ್ರದಲ್ಲಿ ವಿಧಾನದ ವಿವರವಿದೆ. ತೆಳುವಾದ ಮೇಣದ ತಗಡನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಮತ್ತೆ ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲಾಗುತ್ತಿತ್ತು. ಗೆರೆಯೊಳಗಿನ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂರಿಸಲಾಗುತ್ತಿತ್ತು. ಆದರೆ ಎರಡು ಕಣ್ಣುಗಳ ನಡುವೆ ಚರ್ಮದ ಕಿರಿದಾದ ಒಂದು ಪಟ್ಟಿಯನ್ನು ಕಡಿಯದೆ ಉಳಿಸುತ್ತಿದ್ದರು. ಹೊಸ ಭಾಗ ಹಳೆಯ ಭಾಗದೊಡನೆ ಕೂಡಿಕೊಳ್ಳುವವರೆಗೆ ರಕ್ತಸಂಚಾರ ನಡೆಯುವುದು ಈ ಪಟ್ಟಿಯ ಮೂಲಕವೇ ಎಂದು ಪತ್ರ ಸ್ಪಷ್ಟವಾಗಿ ಹೇಳುತ್ತದೆ. ನೀರಿನಲ್ಲಿ ಮೆದುಗೊಳಿಸಿದ ಕಾಚನ್ನು ಗಾಯಕ್ಕೆ ಲೇಪಿಸುತ್ತಿದ್ದರು. ಸುಮಾರು ಇಪ್ಪತ್ತೈದನೆಯ ದಿನ ಆ ಪಟ್ಟಿಯನ್ನು ಕತ್ತರಿಸುತ್ತಿದ್ದರು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇದೇ ಮಾರ್ಗವನ್ನು ಅನುಸರಿಸಿ ೧೮೧೪ರಲ್ಲಿ ಶಸ್ತ್ರಚಿಕಿತ್ಸೆ ನಡೆಸಿ, ೧೮೧೬ರಲ್ಲಿ ಗ್ರಂಥವನ್ನು ಪ್ರಕಟಿಸಿದನು.

ಇದನ್ನು ಅಂಗಾಂಶ ಎಂಜಿನಿಯರಿಂಗ್‌ನ ಆದಿರೂಪವೆಂದು ಸಾರುವುದು ಸರಿಯಲ್ಲ. ಆ ಕುಶಲಕರ್ಮಿಗೆ ಜೀವಕೋಶದ ಪರಿಕಲ್ಪನೆ ಇರಲಿಲ್ಲ. ಅವನು ಅಂಗಾಂಶವನ್ನು ಬೆಳೆಸಲಿಲ್ಲ, ಸ್ಥಳಾಂತರಿಸಿದನು. ‘ಸುಶ್ರುತಸಂಹಿತೆ’ಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆ, ಹಣೆಯ ಚರ್ಮ ಬಳಸುವ ಕೈಚಳಕ ಅದರಿಂದ ಭಿನ್ನವಾದುದು. ಆದರೂ ಒಂದು ಅಂಶ ನಿರ್ವಿವಾದ. ಮಾಂಸವನ್ನು ಹೊಸ ಜಾಗಕ್ಕೆ ತರುವಾಗ ಅದಕ್ಕೆ ರಕ್ತ ಹರಿಯುವ ದಾರಿಯನ್ನು ಮೊದಲು ಕಾಯಬೇಕು ಎಂಬ ಅರಿವು ಈ ವಿಧಾನದ ಕೇಂದ್ರದಲ್ಲಿತ್ತು.

೩. ಹಂದರ: ಆಸರೆ ಇಲ್ಲದೆ ಚಲನೆಯಿಲ್ಲ

ದೇಹದ ಹೊರಗೆ ಅಂಗಾಂಶವನ್ನು ಬೆಳೆಸುವ ಚರಿತ್ರೆ ಅಮೆರಿಕದ ರಾಸ್ ಹ್ಯಾರಿಸನ್ ೧೯೦೭ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆರಂಭವಾಗುತ್ತದೆ. ಕಪ್ಪೆಯ ಭ್ರೂಣದ ನರಾಂಗಾಂಶವನ್ನು ದುಗ್ಧರಸದ ಹನಿಯಲ್ಲಿಟ್ಟು, ನರತಂತುಗಳು ಬೆಳೆದು ಚಾಚುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ನಮ್ಮ ವಿಷಯಕ್ಕೆ ಅವರ ೧೯೧೪ರ ಪ್ರಬಂಧ ಇನ್ನೂ ಮುಖ್ಯವಾದುದು. ಅದರಲ್ಲಿ ಅವರು ಜೇಡರಬಲೆಯ ಎಳೆಗಳನ್ನು ಆಸರೆಯಾಗಿ ಒದಗಿಸಿದರು. ಭ್ರೂಣದ ಕೋಶಗಳು ಆ ಎಳೆಗಳನ್ನು ಹಿಡಿದು, ಅವುಗಳ ಉದ್ದಕ್ಕೂ ಚಾಚಿ ಸಾಗಿದವು. ಜೀವಕೋಶ ಬರಿಯ ದ್ರವದಲ್ಲಿ ಚಲಿಸಲಾರದು, ಅದಕ್ಕೊಂದು ಘನವಾದ ಆಸರೆ ಬೇಕು ಎಂಬುದು ಇದರಿಂದ ಸ್ಥಿರಪಟ್ಟಿತು. ಮುಂದೆ ಪಾಲ್ ವೈಸ್ ೧೯೪೦ರ ದಶಕದಲ್ಲಿ ಆಸರೆಯ ಗೀರು ಮತ್ತು ಎಳೆಗಳ ದಿಕ್ಕೇ ಕೋಶದ ದಿಕ್ಕನ್ನು ನಿರ್ಧರಿಸುತ್ತದೆ ಎಂಬ ವಿಚಾರವನ್ನು ಬೆಳೆಸಿದರು.

ಹಂದರದ ಈ ಅರಿವು ಚಿಕಿತ್ಸೆಯ ರೂಪ ತಾಳಿದ್ದು ಸುಟ್ಟಗಾಯಗಳ ಸಂದರ್ಭದಲ್ಲಿ. ೧೯೭೫ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶಗಳನ್ನು ಬೆಳೆಸುವ ಮಾರ್ಗವನ್ನು ಪ್ರಕಟಿಸಿದರು. ವಿಕಿರಣದಿಂದ ವಿಭಜನಶಕ್ತಿ ಕಳೆದುಕೊಂಡ ಇಲಿಯ ಕೋಶಗಳ ಪದರವನ್ನು ಅವರು ಹಾಸುಗೆಯಾಗಿ ಬಳಸಿದ್ದರು. ಮೈಚರ್ಮದ ಶೇ. ೯೫ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಮಕ್ಕಳಿಗೆ ಅವರದೇ ಕೋಶಗಳಿಂದ ಬೆಳೆಸಿದ ಹೊರಚರ್ಮವನ್ನು ಹೊದಿಸಿದ ವರದಿ ೧೯೮೪ರಲ್ಲಿ ಪ್ರಕಟವಾಯಿತು.

ಜಾನ್ ಬರ್ಕ್ ಮತ್ತು ಯಾನ್ನಿಸ್ ಯಾನ್ನಾಸ್ ಹಿಡಿದ ದಾರಿ ಬೇರೆ. ೧೯೮೧ರಲ್ಲಿ ಅವರು ವರದಿ ಮಾಡಿದ ಕೃತಕ ಚರ್ಮದಲ್ಲಿ ಹಸುವಿನ ಚರ್ಮದ ಕೊಲಾಜನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಪದಾರ್ಥವನ್ನು ಸೇರಿಸಿದ ರಂಧ್ರಮಯ ಪದರವಿತ್ತು. ಅದರ ಮೇಲೆ ಸಿಲಿಕೋನ್ ಹೊದಿಕೆಯಿತ್ತು. ರೋಗಿಯ ಕೋಶಗಳೂ ರಕ್ತನಾಳಗಳೂ ಕೆಳಗಿನಿಂದ ಆ ರಂಧ್ರಗಳೊಳಗೆ ಹಬ್ಬುತ್ತಿದ್ದವು. ಹಂದರ ಕ್ರಮೇಣ ಕರಗಿ ಅದರ ಜಾಗದಲ್ಲಿ ದೇಹದ್ದೇ ಒಳಚರ್ಮ ನಿಲ್ಲುತ್ತಿತ್ತು. ಇಲ್ಲಿ ಹಂದರ ಕಟ್ಟಿದವರು ಕೋಶಗಳನ್ನು ಬಿತ್ತಲೇ ಇಲ್ಲ ಎಂಬುದು ಗಮನಾರ್ಹ. ದೇಹವೇ ಬಂದು ಬೆಳೆಯುವಂತೆ ಜಾಗವನ್ನು ಹದಗೊಳಿಸಿದರು.

ಜಾಗದ ಹದವೂ ಒಂದು ಸೂಚನೆಯೇ ಎಂಬುದನ್ನು ೨೦೦೬ರಲ್ಲಿ ಆಡಮ್ ಎಂಗ್ಲರ್, ಡೆನ್ನಿಸ್ ಡಿಷರ್ ಮತ್ತು ಸಂಗಡಿಗರು ತೋರಿಸಿದರು. ಅಸ್ಥಿಮಜ್ಜೆಯಿಂದ ಬಂದ ಒಂದೇ ಬಗೆಯ ಆಕರಕೋಶಗಳು ಮಿದುಳಿನಷ್ಟು ಮೆದುವಾದ ಜೆಲ್‌ನ ಮೇಲೆ ನರಕೋಶದ ಲಕ್ಷಣಗಳನ್ನು, ಸ್ನಾಯುವಿನಷ್ಟು ಬಿಗುವಾದ ಜೆಲ್‌ನ ಮೇಲೆ ಸ್ನಾಯುಕೋಶದ ಲಕ್ಷಣಗಳನ್ನು, ಇನ್ನೂ ಗಡುಸಾದುದರ ಮೇಲೆ ಮೂಳೆಕೋಶದ ಲಕ್ಷಣಗಳನ್ನು ತಳೆದವು.

೪. ಬದು: ಎಲ್ಲೆಯಿಂದ ಬದುಕು, ಎಲ್ಲೆಯಿಂದ ಸಾವು

ಕೋಶವನ್ನು ಒಂದು ನಿಶ್ಚಿತ ಜಾಗದಲ್ಲಿ ಕಟ್ಟಿಹಾಕುವ ಪ್ರಯತ್ನ ೧೯೬೭ರಲ್ಲಿ ಎಸ್. ಬಿ. ಕಾರ್ಟರ್ ಅವರ ಪ್ರಬಂಧದಲ್ಲಿ ಕಾಣಸಿಗುತ್ತದೆ. ಕೋಶಗಳು ಸರಿಯಾಗಿ ಅಂಟಿಕೊಳ್ಳದ ಸೆಲ್ಯುಲೋಸ್ ಅಸಿಟೇಟ್‌ನ ಮೇಲೆ ಅವರು ಪಲ್ಲಾಡಿಯಂ ಲೋಹದ ಪುಟ್ಟ ದ್ವೀಪಗಳನ್ನು ಮೂಡಿಸಿದರು. ಕೋಶಗಳು ಆ ದ್ವೀಪಗಳಲ್ಲೇ ನೆಲೆ ನಿಂತವು. ೧೯೭೮ರಲ್ಲಿ ಜೂಡಾ ಫೋಕ್‌ಮನ್ ಮತ್ತು ಆನ್ ಮೊಸ್ಕೋನಾ, ತಟ್ಟೆಯ ಮೇಲಿನ ಲೇಪದ ದಪ್ಪವನ್ನು ಬದಲಿಸುತ್ತ ಕೋಶ ಎಷ್ಟು ಹರಡಿಕೊಳ್ಳಬಹುದೆಂಬುದನ್ನು ನಿಯಂತ್ರಿಸಿದರು. ಚಪ್ಪಟೆಯಾಗಿ ಹರಡಿದ ಕೋಶ ವಿಭಜನೆಗೆ ಸಿದ್ಧವಾಗುತ್ತಿತ್ತು; ದುಂಡಗೆ ಉಳಿದದ್ದು ಸುಮ್ಮನಾಗುತ್ತಿತ್ತು.

ಈ ಧಾರೆಯ ಶಿಖರಪ್ರಾಯ ಪ್ರಯೋಗ ೧೯೯೭ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಸಾಯನಶಾಸ್ತ್ರಜ್ಞ ಜಾರ್ಜ್ ವೈಟ್‌ಸೈಡ್ಸ್ ಅವರ ಬಳಗ ರಬ್ಬರಿನಂತಹ ಪದಾರ್ಥದ ಅಚ್ಚಿನಿಂದ ಚಿನ್ನದ ಪದರದ ಮೇಲೆ ಅಣುಗಳ ವಿನ್ಯಾಸವನ್ನು ಒತ್ತುವ ತಂತ್ರವನ್ನು ರೂಪಿಸಿತ್ತು. ಬಟ್ಟೆಯ ಮೇಲೆ ಮರದಚ್ಚು ಒತ್ತುವ ಕ್ರಮವನ್ನೇ ಹೋಲುವ ಈ ತಂತ್ರದಿಂದ ಕೋಶ ಅಂಟುವ ಪಾತಿಗಳನ್ನೂ ಅಂಟದ ಬದುಗಳನ್ನೂ ಮೈಕ್ರೊಮೀಟರ್ ಅಳತೆಯಲ್ಲಿ ಮಾಡಬಹುದಾಯಿತು. ಕ್ರಿಸ್ಟೋಫರ್ ಚೆನ್, ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಮನುಷ್ಯನ ಲೋಮನಾಳದ ಕೋಶಗಳನ್ನು ಇಂತಹ ಪಾತಿಗಳಲ್ಲಿ ಇಟ್ಟರು. ದೊಡ್ಡ ಪಾತಿಯಲ್ಲಿದ್ದವು ಬೆಳೆದವು. ಚಿಕ್ಕ ಪಾತಿಯಲ್ಲಿದ್ದವು ತಾವಾಗಿ ಸತ್ತವು. ಅಂಟುವ ಜಾಗದ ಒಟ್ಟು ವಿಸ್ತೀರ್ಣವನ್ನು ಹೆಚ್ಚಿಸದೆ ಅದನ್ನೇ ಪುಟ್ಟ ಚುಕ್ಕೆಗಳಾಗಿ ಹರಡಿಟ್ಟು ಕೋಶ ಅಗಲವಾಗಿ ಚಾಚಿಕೊಳ್ಳುವಂತೆ ಮಾಡಿದಾಗ ಅದು ಬದುಕಿತು. ಎಲ್ಲ ಪಾತಿಗಳಿಗೂ ದೊರೆತ ಪೋಷಕ ದ್ರವ ಒಂದೇ; ಬದುಕು ಸಾವುಗಳನ್ನು ತೀರ್ಮಾನಿಸಿದ್ದು ಕೋಶಕ್ಕೆ ದೊರೆತ ಹರವು.

ನೆಲೆ ತಪ್ಪಿದ ಕೋಶಕ್ಕೆ ಒದಗುವ ಸಾವಿಗೆ ಸ್ಟೀವನ್ ಫ್ರಿಶ್ ಮತ್ತು ಹಂಟರ್ ಫ್ರಾನ್ಸಿಸ್ ೧೯೯೪ರಲ್ಲಿ ಗ್ರೀಕ್ ಮೂಲದ ‘ಅನಾಯ್ಕಿಸ್’ ಎಂಬ ಹೆಸರಿಟ್ಟರು. ಮನೆಯಿಲ್ಲದಿರುವ ಸ್ಥಿತಿ ಎಂಬುದು ಅದರ ಭಾವ. ಇದರ ವಿರುದ್ಧ ಮುಖ ಕ್ಯಾನ್ಸರಿನಲ್ಲಿದೆ. ವೈರಸ್ಸಿನಿಂದ ಮಾರ್ಪಟ್ಟ ಕೋಶಗಳು ಆಸರೆಯಿಲ್ಲದ ಮೆದು ಅಗರ್‌ನಲ್ಲಿಯೂ ಬೆಳೆಯುತ್ತವೆ ಎಂಬುದನ್ನು ಇಯಾನ್ ಮ್ಯಾಕ್‌ಫರ್ಸನ್ ಮತ್ತು ಲುಕ್ ಮೊಂಟಾನ್ಯೆ ೧೯೬೪ರಲ್ಲಿಯೇ ತೋರಿಸಿದ್ದರು. ಬದುವನ್ನು ಲೆಕ್ಕಿಸದೆ ಬೆಳೆಯುವುದೇ ಇಲ್ಲಿ ರೋಗದ ಲಕ್ಷಣ.

೫. ಕಾಲುವೆಯ ಕೊರತೆ

‘ಅಂಗಾಂಶ ಎಂಜಿನಿಯರಿಂಗ್’ ಎಂಬ ಹೆಸರು ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಸಭೆಗಳಲ್ಲಿ ನೆಲೆಗೊಂಡಿತು. ೧೯೯೩ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಅದಕ್ಕೆ ವ್ಯಾಪಕ ಪ್ರಚಾರ ನೀಡಿತು. ಕರಗುವ ಪಾಲಿಮರ್ ಹಂದರದ ಮೇಲೆ ಹಸುವಿನ ಮೃದ್ವಸ್ಥಿಯ ಕೋಶಗಳನ್ನು ಬಿತ್ತಿ, ಮಗುವಿನ ಕಿವಿಯ ಆಕಾರದಲ್ಲಿ ಇಲಿಯ ಬೆನ್ನಿನ ಚರ್ಮದಡಿ ಬೆಳೆಸಿದ ಪ್ರಯೋಗದ ವರದಿ ೧೯೯೭ರಲ್ಲಿ ಪ್ರಕಟವಾಯಿತು. ಆ ಇಲಿಯ ಚಿತ್ರ ಜಗತ್ತಿನಾದ್ಯಂತ ಹರಡಿತು. ಅದರಲ್ಲಿ ವಂಶವಾಹಿಯ ಮಾರ್ಪಾಡು ಏನೂ ಇರಲಿಲ್ಲ. ಆದರೂ ಅದು ವಂಶವಾಹಿ ತಂತ್ರಜ್ಞಾನದ ಭಯಾನಕ ಸಂಕೇತವಾಗಿ ಪ್ರಚಾರ ಪಡೆಯಿತು. ಮೂಲ ಸಂದರ್ಭದಿಂದ ಬಿಡಿಸಿಕೊಂಡ ಚಿತ್ರವೊಂದು ಹೊಸ ಅರ್ಥ ಹೊತ್ತು ಸಂಚರಿಸುವ ಈ ಪರಿ ಜಾನಪದ ಅಧ್ಯಯನಕ್ಕೆ ಅಪರಿಚಿತವಲ್ಲ.

ಆ ಯಶಸ್ಸುಗಳು ಯಾವ ಅಂಗಾಂಶಗಳಲ್ಲಿ ದೊರೆತವು ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸಲಿಲ್ಲ. ಹೊರಚರ್ಮ ಮತ್ತು ಮೃದ್ವಸ್ಥಿಗಳಲ್ಲಿ ರಕ್ತನಾಳಗಳಿರುವುದಿಲ್ಲ. ಇತರ ಅಂಗಾಂಶಗಳ ಕೋಶ ಬದುಕಬೇಕಾದರೆ ಸಾಮಾನ್ಯವಾಗಿ ೧೦೦ರಿಂದ ೨೦೦ ಮೈಕ್ರೊಮೀಟರ್ ಅಂತರದೊಳಗೆ ಒಂದು ಲೋಮನಾಳವಿರಬೇಕು. ಅಂದರೆ ಕಾಲುವೆ ಬೇಡದ ಬೆಳೆಗಳಲ್ಲಿ ಮಾತ್ರ ಈ ವಿಜ್ಞಾನ ಮೊದಲು ಗೆದ್ದಿತ್ತು. ಆಂಥೊನಿ ಅಟಾಲ ಮತ್ತು ಸಂಗಡಿಗರು ಏಳು ಎಳೆಯ ರೋಗಿಗಳಿಗೆ ಅವರವರ ಕೋಶಗಳಿಂದ ಬೆಳೆಸಿದ ಮೂತ್ರಾಶಯ ಭಾಗಗಳನ್ನು ಜೋಡಿಸಿದ ವರದಿ ೨೦೦೬ರಲ್ಲಿ ಬಂದಾಗ, ರಕ್ತನಾಳಗಳು ತುಂಬಿದ ಹೊಟ್ಟೆಯೊಳಗಿನ ಪೊರೆಯನ್ನು ಸುತ್ತಿದ್ದ ಗುಂಪಿನಲ್ಲೇ ಫಲಿತಾಂಶ ಹೆಚ್ಚು ಉತ್ತಮವಾಗಿತ್ತು. ಇದೇ ಮಾರ್ಗದ ಮುಂದಿನ ಹಂತದ ಪರೀಕ್ಷೆಯ ವರದಿ ೨೦೧೪ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿರೀಕ್ಷಿತ ಸುಧಾರಣೆ ಕಂಡುಬರಲಿಲ್ಲ.

ಈ ಎಚ್ಚರಿಕೆಯನ್ನು ಮೀರಿದ ಪ್ರಸಂಗ ಸ್ವೀಡನ್ನಿನದು. ೨೦೧೧ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೊ ಮಕ್ಕಿಯರಿನಿ ಎಂಬ ಶಸ್ತ್ರವೈದ್ಯರು ಪ್ಲಾಸ್ಟಿಕ್ಕಿನ ಶ್ವಾಸನಾಳದ ಮೇಲೆ ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಿ ಜೋಡಿಸಿದರು. ಇದನ್ನು ಮಹಾಸಾಧನೆಯೆಂದು ಜಗತ್ತು ಕೊಂಡಾಡಿತು. ರಕ್ತದ ಸಂಪರ್ಕವಿಲ್ಲದ ಆ ಕೊಳವೆ ಜೀವಂತ ಅಂಗವಾಗಲಿಲ್ಲ. ಅಲ್ಲಿ ಈ ಚಿಕಿತ್ಸೆ ಪಡೆದ ಮೂವರೂ ಕಾಲಾಂತರದಲ್ಲಿ ಮೃತಪಟ್ಟರು. ೨೦೧೧ರ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ ೨೦೧೮ರಲ್ಲಿ ಹಿಂತೆಗೆದುಕೊಂಡಿತು. ೨೦೨೩ರ ಜೂನ್‌ನಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಮಕ್ಕಿಯರಿನಿ ಅವರಿಗೆ ಎರಡೂವರೆ ವರ್ಷಗಳ ಸೆರೆವಾಸ ವಿಧಿಸಿತು.

ಕಾಲುವೆಯನ್ನೇ ಬೆಳೆಸುವ ಪ್ರಯತ್ನ ಇದಕ್ಕೆ ಸಮಾನಾಂತರವಾಗಿ ನಡೆದಿತ್ತು. ಲಾರಾ ನಿಕ್ಲಾಸನ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ತನಾಳದ ವರದಿ ೧೯೯೯ರಲ್ಲಿ ಬಂದಿತು. ಕರಗುವ ಹಂದರದ ಮೇಲೆ ಮಾನವ ಕೋಶಗಳನ್ನು ಬೆಳೆಸಿ, ಅನಂತರ ಕೋಶಗಳನ್ನು ತೆಗೆದು, ಅವು ನೇಯ್ದಿಟ್ಟ ನಾಳವನ್ನು ಮಾತ್ರ ಉಳಿಸುವ ವಿಧಾನಕ್ಕೆ ೨೦೨೪ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ದೊರೆಯಿತು. ೧೯೯೯ರ ವರದಿಯಿಂದ ಇಲ್ಲಿಗೆ ಇಪ್ಪತ್ತೈದು ವರ್ಷಗಳು.

೬. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಮಾತುಗಳನ್ನು ಹೇಳಬಹುದು. ಮೊದಲನೆಯದು, ಅಂಗವನ್ನು ‘ತಯಾರಿಸುತ್ತೇವೆ’ ಎಂಬ ನುಡಿಗಟ್ಟು ಚರಿತ್ರೆಗೆ ಮಾತ್ರವಲ್ಲ, ಚಿಕಿತ್ಸೆಗೂ ತೊಡಕಾಗಿದೆ. ತಯಾರಾದ ವಸ್ತುವನ್ನು ಎಲ್ಲಿ ಬೇಕಾದರೂ ಇಡಬಹುದು. ಬೆಳೆಯುವುದಕ್ಕೆ ನೆಲ, ಎಲ್ಲೆ, ನೀರು ಮೂರೂ ಬೇಕು. ಸ್ವೀಡನ್ನಿನ ರೋಗಿಗಳಿಗೆ ಆದ ಹಾನಿಯಲ್ಲಿ ವ್ಯಕ್ತಿಯ ಅಪರಾಧದ ಜೊತೆಗೆ ಈ ನುಡಿಗಟ್ಟನ್ನು ಸುಲಭವಾಗಿ ನಂಬಿದ ಸಂಸ್ಥೆಗಳ ಮತ್ತು ಪತ್ರಿಕೆಗಳ ಪಾಲೂ ಇದೆ.

ಎರಡನೆಯದು ದಾಖಲೆಯನ್ನು ಕುರಿತದ್ದು. ೧೭೯೪ರ ಪತ್ರದಲ್ಲಿ ಮೂಗು ಕಳೆದುಕೊಂಡವನ ಹೆಸರಿದೆ. ಶಸ್ತ್ರಚಿಕಿತ್ಸೆಯನ್ನು ಕಂಡ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಎಂಬ ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರುಗಳಿವೆ. ಶಸ್ತ್ರ ಹಿಡಿದವನಿಗೆ ಮಾತ್ರ ಜಾತಿಯ ಗುರುತು ಬಿಟ್ಟು ಹೆಸರಿಲ್ಲ. ಕೈಯಲ್ಲಿ ನೆಲೆಸಿದ ವಿದ್ಯೆಯನ್ನು ಜಾತಿಯ ಸ್ವತ್ತೆಂದು ಬರೆದು, ನೋಡಿ ಬರೆದವರನ್ನು ವ್ಯಕ್ತಿಗಳೆಂದು ಬರೆಯುವ ಈ ರೂಢಿಯನ್ನು ಜಾನಪದ ಸಂಗ್ರಹಗಳಲ್ಲಿಯೂ ನಾವು ಕಾಣುತ್ತೇವೆ. ನಾಟಿವೈದ್ಯ, ಮೂಳೆ ಕಟ್ಟುವ ವಿದ್ಯೆ, ಹೆರಿಗೆಯ ವಿದ್ಯೆಗಳನ್ನು ದಾಖಲಿಸುವ ಇಂದಿನ ಸಂಶೋಧಕರು ವಿಧಾನದ ಜೊತೆಗೆ, ಒಪ್ಪಿಗೆ ಪಡೆದು, ವಿಧಾನ ಬಲ್ಲವರ ಹೆಸರನ್ನೂ ಬರೆದಿಡುವುದು ಅಗತ್ಯ. ಪುಣೆಯ ಆ ಕುಶಲಕರ್ಮಿಯ ವಿಷಯದಲ್ಲಿ ಆ ಅವಕಾಶ ಕೈತಪ್ಪಿಹೋಗಿದೆ.